ಲಿವರ್ ಕ್ಯಾನ್ಸರ್ ಕೆಲಸಕ್ಕೆ ಬಿಪಿಎ ಹೇಗಿದೆ? ಬಳಸಿದವರ ಮಾತು

ಲಿವರ್ ಕ್ಯಾನ್ಸರ್ ಸೆಲ್‌ಗಳ ಮೇಲೆ ಬಿಪಿಎ (ಬೋರೋನೋಫಿನೈಲಲನೈನ್) ಅನ್ನೋ ಬೋರಾನ್ ಔಷಧಿ ಬಳಸ್ತಾ ಇದೀನಿ, ಅದಕ್ಕೇ ಬರೀತಿದೀನಿ. ಮೊದಲನೇ ತಲೆನೋವು ಅಂದ್ರೆ ಇದು ಬರೀ ನೀರಲ್ಲಿ ಸರಿಯಾಗಿ ಕರಗಲ್ಲ, ಫ್ರಕ್ಟೋಸ್ ಸೇರಿಸಿ ಪಿಹೆಚ್ ಸರಿ ಮಾಡ್ಕೊಂಡ್ರೆ ಮಾತ್ರ ಕರಗತ್ತೆ. ಆದ್ರೆ ಐಡಿಯಾ ಮಾತ್ರ ಅದ್ಭುತ ಕಣ್ರೀ, ಔಷಧಿ ಕೊಟ್ಟು ಹೊರಗಿಂದ ನ್ಯೂಟ್ರಾನ್ ಹಾಯಿಸ್ತಾರೆ, ಸೆಲ್ ಒಳಗಿರೋ ಬೋರಾನ್-10 (ಬೋರಾನ್‌ನ ಒಂದು ಬಗೆ) ಆ ನ್ಯೂಟ್ರಾನ್ ಹಿಡ್ಕೊಂಡು ಒಡೆದಾಗ ಬರೋ ಆಲ್ಫಾ ಕಣ, ಲಿಥಿಯಂ ಎರಡೂ 10 ಮೈಕ್ರೋಮೀಟರ್ ಕೂಡ ಹೋಗಲ್ಲ, ಅಂದ್ರೆ ಹೆಚ್ಚುಕಮ್ಮಿ ಆ ಒಂದು ಸೆಲ್ಲಿಗಷ್ಟೇ ಏಟು, ಪಕ್ಕದ ಒಳ್ಳೇ ಸೆಲ್ ಉಳ್ಕೊಳತ್ತೆ.

ಹಾಗಾಗಿ ಎಲ್ಲಾ ನಿಂತಿರೋದು ಔಷಧಿ ಎಲ್ಲಿ ಸೇರತ್ತೆ ಅನ್ನೋದ್ರ ಮೇಲೆ. ಗ್ರಾಂ ಗಡ್ಡೆಗೆ ಸುಮಾರು 20 ಮೈಕ್ರೋಗ್ರಾಂ ಬೋರಾನ್-10 ಬೇಕು, ಸುತ್ತಲಿನ ಅಂಗಾಂಶಕ್ಕಿಂತ 3 ಪಟ್ಟು ಜಾಸ್ತಿ ಇದ್ರೆ ಒಳ್ಳೇದು. ಬಿಪಿಎ ಲ್ಯಾಟ್1 ಅನ್ನೋ ಬಾಗಿಲಿಂದ (ಸೆಲ್ಲಿನ ಹೊರಪದರದಲ್ಲಿರೋ, ಅಮೈನೋ ಆಮ್ಲ ಒಳಗೆ ತರೋ ಪ್ರೋಟೀನ್) ಒಳಗೆ ಹೋಗೋದ್ರಿಂದ ಆ ಬಾಗಿಲು ಕಮ್ಮಿ ಇರೋ ಗಡ್ಡೆಗಳಲ್ಲಿ ನಿರಾಸೆ ಆಗತ್ತೆ. ಜಪಾನಲ್ಲಿ 2020ರಲ್ಲಿ ಇದಕ್ಕೆ ಅನುಮತಿ ಸಿಕ್ಕಿದ್ದು ತಲೆ-ಕುತ್ತಿಗೆ ಕ್ಯಾನ್ಸರ್‌ಗೆ, ಲಿವರ್‌ಗಲ್ಲ. ಇಟಲಿಯ ಪಾವಿಯಾದಲ್ಲಿ 2001ರಲ್ಲಿ ಬಿಪಿಎ ಕೊಟ್ಟು, ಲಿವರನ್ನೇ ಹೊರಗೆ ತೆಗೆದು ರಿಯಾಕ್ಟರ್‌ನಲ್ಲಿ ನ್ಯೂಟ್ರಾನ್ ಹಾಯಿಸಿ ವಾಪಸ್ ಜೋಡಿಸಿದ್ರು, ನೆನೆಸ್ಕೊಂಡ್ರೆ ಈಗ್ಲೂ ಮೈ ಜುಮ್ ಅನ್ನತ್ತೆ.

ಬೇರೆ ಬೋರಾನ್ ಔಷಧಿಗಳ ಜೊತೆ ಹೋಲಿಸಿ ನೋಡೋಕೆ ಬಿಪಿಎ ಬೇಕೇ ಬೇಕು, ಆದ್ರೆ ಲಿವರ್ ಗಡ್ಡೆನೇ ಹುಡುಕ್ಕೊಂಡು ಹೋಗೋ ಹೊಸ ಬೋರಾನ್ ಔಷಧಿ ಬೇಗ ಬರ್ಲಿ. 5ಕ್ಕೆ 3.