ಸದ್ದು ಹೋದಾಗ ಹೈಪರ್‌ಎಕ್ಸ್ ಕ್ಲೌಡ್ ಆಲ್ಫಾ: ರಿಪೇರಿಗೆ ಎಷ್ಟು ಸುಲಭ?

ಗೇಮಿಂಗ್ ಹೆಡ್‌ಸೆಟ್ ಕೊಳ್ಳುವಾಗ ಡ್ರೈವರ್ (ಒಳಗಿನ ಪುಟ್ಟ ಸ್ಪೀಕರ್) ಗಾತ್ರ, ಮೈಕ್, ಲೈಟು ಎಲ್ಲ ನೋಡುತ್ತೇವೆ. ಕೇಬಲ್ ಬಿಚ್ಚಲು ಬರುತ್ತದೆಯೇ ಎಂದು ಕೇಳುವವರು ಕಡಿಮೆ. 2017ರಲ್ಲಿ ಬಂದ ವೈರ್ ಇರುವ ಕ್ಲೌಡ್ ಆಲ್ಫಾ ಇಂದಿಗೂ ಕೊಳ್ಳಲು ಯೋಗ್ಯ ಅನ್ನಿಸುವುದು ಈ ಕಾರಣಕ್ಕೇ. ಇದರ 1.3 ಮೀಟರ್ ಕೇಬಲ್ ಎಡಗಿವಿ ಮುಚ್ಚುವ ಕಪ್ಪಿನ 3.5 ಎಂಎಂ ಸಾಕೆಟ್‌ಗೆ ಸಿಕ್ಕಿಸುವಂಥದ್ದು. ಸದ್ದು ನಿಂತರೆ ಡ್ರೈವರ್ ಸುಟ್ಟಿರುವುದು ಅಪರೂಪ, ಪ್ಲಗ್ಗಿನ ಬುಡದಲ್ಲಿ ಎಳೆ ತುಂಡಾಗಿರುವುದೇ ಹೆಚ್ಚು.

ಮೊದಲು ಎರಡೂ ತುದಿಗೆ 3.5 ಎಂಎಂ ಪ್ಲಗ್ ಇರುವ ಮಾಮೂಲಿ ಆಕ್ಸ್ ಕೇಬಲ್ ಹಾಕಿ ನೋಡಿ. ಸದ್ದು ಬಂತೆಂದರೆ ಹೊಸ ಕೇಬಲ್ ತಂದರೆ ಸಾಕು. ಮೈಕೂ ಬೇಕಾದ್ದರಿಂದ ಎರಡೂ ತುದಿಯ ಪ್ಲಗ್ಗಿನಲ್ಲಿ ಮೂರು ಗೆರೆ ಇರಲಿ. ಹಾಡಿನಲ್ಲಿ ವಾದ್ಯ ಕೇಳಿಸಿ ಗಾಯಕರ ದನಿ ಮಾತ್ರ ಮಾಯವಾದರೆ ಗ್ರೌಂಡ್ (ಎರಡೂ ಕಿವಿಗೆ ಸಾಮಾನ್ಯವಾದ ವೈರ್) ಕಡಿದಿದೆ ಎಂದೇ ತಿಳಿಯಿರಿ: ಎರಡೂ ಕಿವಿಗೆ ಸಮನಾಗಿ ಬರುವ ಸದ್ದು ಆಗ ರದ್ದಾಗುತ್ತದೆ. ವಾಲ್ಯೂಮ್ ಚಕ್ರ ತಿರುಗಿಸುವಾಗ ಕರಕರ ಅಂದರೆ ಅದು ಧೂಳು. ಕಾಂಟ್ಯಾಕ್ಟ್ ಕ್ಲೀನರ್ ಸಾಕು.

ಹೊಸ ಕೇಬಲ್ ಹಾಕಿದರೂ ಬಲಗಿವಿ ಮಾತ್ರ ಸುಮ್ಮನಿದೆಯೇ? ಈ ಹೆಡ್‌ಸೆಟ್ಟಿನ ನಿಜವಾದ ಕೊರತೆ ಇಲ್ಲಿದೆ. ಬಲಗಡೆಯ ಸದ್ದು ಎಡ ಕಪ್ಪಿನಿಂದ ತಲೆಪಟ್ಟಿ ದಾಟಿ ಹೋಗಬೇಕು. ಪಟ್ಟಿಗೂ ಕಪ್ಪಿಗೂ ನಡುವೆ ಆ ವೈರ್ ಹೊರಗೇ ಕಾಣುತ್ತದೆ, ಪಟ್ಟಿ ಎಳೆದಾಗಲೆಲ್ಲ ಅದೂ ಎಳೆಯುತ್ತದೆ. ವಾರಂಟಿ ಮುಗಿದಿದ್ದರೆ ಮಾತ್ರ ಮುಂದುವರಿಯಿರಿ. ಬಲ ಕಪ್ಪಿನ ಕುಶನ್ ಕಿತ್ತು, ಸ್ಕ್ರೂ ಬಿಚ್ಚಿ, ಕೇಬಲ್ ತೆಗೆದು ಡ್ರೈವರಿನ ಎರಡು ತುದಿಗೆ ಮಲ್ಟಿಮೀಟರ್ ಹಿಡಿಯಿರಿ. ಇದರ ಇಂಪಿಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) 65 ಓಮ್. ಅದಕ್ಕೆ ಹತ್ತಿರದ ಅಂಕಿ ಬಂದರೆ ಡ್ರೈವರ್ ಜೀವಂತ, ತಪ್ಪು ವೈರಿನದು.

ವೈರಿನ ಕೆಂಪು, ಹಸಿರು ಬಣ್ಣ ಎನಾಮಲ್ ಲೇಪ. ಅದು ಹೋಗದೆ ಬೆಸುಗೆ ಹಿಡಿಯದು. 350 ಡಿಗ್ರಿ ಸೋಲ್ಡರಿಂಗ್ ಐರನ್ನಿನ ತುದಿಯಲ್ಲಿ ಫ್ಲಕ್ಸ್ (ಬೆಸುಗೆ ಹಿಡಿಯಲು ನೆರವಾಗುವ ಪೇಸ್ಟ್), ಬೆಸುಗೆ ಸೀಸ ಹಾಕಿ ಲೇಪ ಸುಟ್ಟು, ವೈರಿನ ತುದಿ ಬೆಳ್ಳಗಾದ ಮೇಲೆ ಜೋಡಿಸಿ. ಡ್ರೈವರಿನ ಮೇಲೆ ಐರನ್ ಎರಡು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು, ಕಾಯಿಲಿನ ಕೂದಲೆಳೆಯಂಥ ತಂತಿ ಬಿಟ್ಟುಹೋಗುತ್ತದೆ. ಕಪ್ಪಿನ ಒಳಗೆ ವೈರಿಗೊಂದು ಗಂಟು ಹಾಕಿ, ಎಳೆತ ಬೆಸುಗೆಗೆ ತಲುಪದು.

ಮೀಟರ್ ಓಪನ್ (ಒಳಗೆ ಸಂಪರ್ಕವೇ ಇಲ್ಲ) ಎಂದು ತೋರಿಸಿದರೆ 50 ಎಂಎಂ ಡ್ರೈವರ್ ಜೋಡಿಯನ್ನೇ ಬದಲಿಸಬೇಕು. ಬೆಂಗಳೂರಿನವರು ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಬಹುದು. ಆದರೆ ಬೇರೆ ಡ್ರೈವರ್ ಹಾಕಿದ ಮೇಲೆ ಆಲ್ಫಾದ ಆ ಶುದ್ಧ ಬಾಸ್ ನಿರೀಕ್ಷಿಸಬೇಡಿ.