ದಾರಿ ಕೇಳಿ ಆಡಿದ ಮಾರೋವಿಂಡ್, ಬಾಣ ನೋಡಿ ಆಡಿದ ಸ್ಕೈರಿಮ್: ಇಪ್ಪತ್ತು ವರ್ಷ ಬಳಸಿದ ಮೇಲೆ

ನನ್ನ ಹತ್ತಿರ ನೂರು ಪುಟದ ಒಂದು ಹಳೇ ನೋಟ್ ಪುಸ್ತಕ ಇದೆ. ಮುಂದಿನಿಂದ ತೆರೆದರೆ ಅಪ್ಪ ಬರೆದ ಅಡಿಕೆ ಲೆಕ್ಕ. ಹಿಂದಿನಿಂದ ತೆರೆದರೆ ನನ್ನ ಅಕ್ಷರ: "ಬಾಲ್ಮೋರಾದಿಂದ ದಕ್ಷಿಣಕ್ಕೆ. ಓಡಾಯ್ ಹೊಳೆ ದಾಟಬೇಕು. ಮೂನ್‌ಮಾತ್ ಕೋಟೆ ಕಳೆದ ಮೇಲೆ ಕೈಕಂಬ. ಅಲ್ಲಿಂದ ಪೂರ್ವಕ್ಕೆ ಹಳೇ ಡ್ವೆಮರ್ ಸೇತುವೆ." ದಾರಿ ತೋರುವ ಕಂಬಕ್ಕೆ ನಮ್ಮ ಕಡೆ ಕೈಕಂಬ ಅಂತಾರೆ. ಉಪ್ಪಳದಲ್ಲಿ ಆ ಹೆಸರಿನ ಜಾಗವೇ ಇದೆ. ಹಾಗಾಗಿ ಬರೆಯುವಾಗ ಬೇರೆ ಶಬ್ದ ಹುಡುಕಬೇಕಾಗಲಿಲ್ಲ.

ಇದು ದಿ ಎಲ್ಡರ್ ಸ್ಕ್ರೋಲ್ಸ್ ಎಂಬ ಕಂಪ್ಯೂಟರ್ ಗೇಮ್ ಸರಣಿಯ ಮೂರನೇ ಗೇಮ್ ಮಾರೋವಿಂಡ್‌ನ ಒಂದು ದಾರಿ. ಡ್ವೆಮರ್ ಅಂದರೆ ಆ ಲೋಕದಲ್ಲಿ ಎಂದೋ ಕಾಣೆಯಾದ ಒಂದು ಜನಾಂಗ. ಗೇಮ್ ಬಂದದ್ದು 2002ರಲ್ಲಿ. ನಾನು ಶುರು ಮಾಡಿದ್ದು 2005ರ ಮಳೆಗಾಲದಲ್ಲಿ, ಕುಂಬಳೆಯ ಭಾವನ ಮನೆಯ ಕಂಪ್ಯೂಟರ್‌ನಲ್ಲಿ. ಆಮೇಲೆ 2006ರ ಆಬ್ಲಿವಿಯನ್, 2011ರ ಸ್ಕೈರಿಮ್, ಈಗ 2025ರ ಏಪ್ರಿಲ್‌ನಲ್ಲಿ ಬಂದ ಆಬ್ಲಿವಿಯನ್ ರೀಮಾಸ್ಟರ್ಡ್ (ಆ ಹಳೇ ಗೇಮನ್ನೇ ಹೊಸದಾಗಿ ಮಾಡಿದ್ದು), ಎಲ್ಲವನ್ನೂ ಒಂದಕ್ಕಿಂತ ಜಾಸ್ತಿ ಸಲ ಆಡಿದ್ದೇನೆ. 1994ರ ಅರೀನಾ ಮತ್ತು 1996ರ ಡ್ಯಾಗರ್‌ಫಾಲ್ ಇನ್ನೂ ಹಳೆಯವು. ಅವು ನನ್ನ ಕೈಗೆ ಹತ್ತಲಿಲ್ಲ, ಅವುಗಳ ಮಾತು ಬೇಡ.

ಹೊಸದಾಗಿ ಆಡುವವರು "ಯಾವುದರಿಂದ ಶುರು ಮಾಡಲಿ" ಅಂತ ಕೇಳುತ್ತಾರೆ. ಅದಕ್ಕೆ ನನ್ನ ಉತ್ತರ ಇಷ್ಟು ವರ್ಷಗಳಲ್ಲಿ ಎರಡು ಸಲ ಬದಲಾಗಿದೆ. ಅದನ್ನೇ ಬಿಡಿಸಿ ಬರೆಯುತ್ತೇನೆ.

ಮೊದಲು ದಾರಿಯ ವಿಷಯ. ಮಾರೋವಿಂಡ್‌ನಲ್ಲಿ ನೀವೊಬ್ಬ ಕೈದಿ. ಹಡಗಿನಿಂದ ಸೇಡಾ ನೀನ್ ಎಂಬ ಸಣ್ಣ ಬಂದರಿನಲ್ಲಿ ಇಳಿಸುತ್ತಾರೆ. ಕೈಗೆ ಒಂದು ಪೊಟ್ಟಣ ಕೊಟ್ಟು, ಬಾಲ್ಮೋರಾ ಪೇಟೆಯಲ್ಲಿ ಕೇಯಸ್ ಕೊಸೇಡಸ್ ಅಂತ ಒಬ್ಬನಿದ್ದಾನೆ, ಅವನಿಗೆ ಮುಟ್ಟಿಸು ಅನ್ನುತ್ತಾರೆ. ಅಷ್ಟೇ. ಅವನ ಮನೆ ಎಲ್ಲಿ ಅಂತ ನಕ್ಷೆಯಲ್ಲಿ ಗುರುತು ಬೀಳುವುದಿಲ್ಲ. ಪೇಟೆಗೆ ಹೋಗಿ ಜನರನ್ನು ಕೇಳಬೇಕು. ಕೆಲವರು ಹೇಳುತ್ತಾರೆ, ಕೆಲವರು ಮುಖ ತಿರುಗಿಸುತ್ತಾರೆ. ಗುಹೆ, ಗೋರಿ, ಹಳೇ ಕೋಟೆ ಯಾವುದಾದರೂ ಹೀಗೇ: ಹೊಳೆ ದಾಟಿ, ಗುಡ್ಡದ ಬುಡದಲ್ಲಿ ಎಡಕ್ಕೆ, ಎರಡು ಬಂಡೆಗಳ ನಡುವೆ.

ನಮ್ಮ ಮನೆ ಪೆರ್ಲದ ಕಡೆ. ಅಲ್ಲಿಗೆ ಬರುವವರಿಗೆ ನಾವು ಇವತ್ತಿಗೂ ಹೀಗೇ ಹೇಳುವುದು. ಬಸ್ ಇಳಿದು ಕಟ್ಟೆಯ ಹತ್ತಿರ ಕೆಳಗೆ ಇಳಿಯಿರಿ, ತೋಡಿನ ಸಂಕ ದಾಟಿ, ತೋಟದ ಅಂಚು ಹಿಡಿದು ಬನ್ನಿ, ನಾಯಿ ಬೊಗಳಿದರೆ ಅದೇ ಮನೆ. ಫೋನಿನ ಮ್ಯಾಪ್ ನಂಬಿ ಬಂದವರು ಎದುರು ಗುಡ್ಡದ ತುದಿಯಲ್ಲಿ ನಿಂತು ಫೋನ್ ಮಾಡುತ್ತಾರೆ. ಅದಕ್ಕೇ ಇರಬೇಕು, ಆ ಗೇಮ್ ನನಗೆ ಮೊದಲ ದಿನವೇ ಪರಿಚಯದ್ದು ಅನಿಸಿತು.

ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಅದರ ಇಂಗ್ಲಿಷ್ ಸುಲಭ ಇರಲಿಲ್ಲ. ಮಾರೋವಿಂಡ್‌ನಲ್ಲಿ ಮಾತು ಹೆಚ್ಚಿನದೂ ಓದುವಂಥದ್ದು, ಕೇಳುವಂಥದ್ದು ಕಡಿಮೆ. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಕೂರುತ್ತಿದ್ದೆ. ಫೊಯಾಡ ಎಂಬ ಶಬ್ದ ಡಿಕ್ಷನರಿಯಲ್ಲಿ ಸಿಗಲೇ ಇಲ್ಲ. ಲಾವಾ ಹರಿದು ಆದ ಕಣಿವೆಗೆ ಆ ಗೇಮ್ ನಡೆಯುವ ದ್ವೀಪದ ಜನ ಇಟ್ಟ ಹೆಸರು ಅದು ಅಂತ ಅಲ್ಲೇ ನಡೆದಾಡಿ ತಿಳಿಯಿತು. ಬೂದಿ ಬಣ್ಣದ ನೆಲ, ಎರಡೂ ಕಡೆ ಗೋಡೆಯ ಹಾಗೆ ಕಡಿದ ಬಂಡೆ, ಮೇಲಿಂದ ಕ್ಲಿಫ್ ರೇಸರ್ ಹಕ್ಕಿಯ ಕಿರುಚಾಟ. ಇವತ್ತು ಕಣ್ಣು ಮುಚ್ಚಿದರೂ ಆ ಕಣಿವೆಯಲ್ಲಿ ಉತ್ತರಕ್ಕೆ ನಡೆದು ಹೋಗಬಲ್ಲೆ.

ಆಬ್ಲಿವಿಯನ್‌ನಿಂದ ಎಲ್ಲರೂ ಬಾಯಿಬಿಟ್ಟು ಮಾತಾಡತೊಡಗಿದರು. ಪರದೆಯ ಕೆಳಗೆ ದಿಕ್ಸೂಚಿ ಬಂತು, ಅದರ ಮೇಲೆ ಗುರಿಯ ಬಾಣ ಬಂತು. ಎರಡಕ್ಕೂ ಸಂಬಂಧ ಇದೆ ಅಂತ ನನಗನಿಸುತ್ತದೆ. ದಾರಿ ಹೇಳುವ ಉದ್ದುದ್ದ ಮಾತನ್ನೆಲ್ಲ ಸ್ಟುಡಿಯೋದಲ್ಲಿ ಕೂತು ರೆಕಾರ್ಡ್ ಮಾಡುವುದಕ್ಕಿಂತ ಒಂದು ಬಾಣ ಇಡುವುದು ಹಗುರ ಅಲ್ವಾ? ಸ್ಕೈರಿಮ್‌ನಲ್ಲಿ ಇದು ಇನ್ನೂ ಮುಂದೆ ಹೋಯಿತು. ಬಾಣ ಬೇಡ ಅಂತ ನೀವು ಆಫ್ ಮಾಡಬಹುದು. ಆದರೆ ಆಫ್ ಮಾಡಿದರೆ ಹಲವು ಕ್ವೆಸ್ಟ್‌ಗಳಲ್ಲಿ, ಅಂದರೆ ಗೇಮ್ ಒಪ್ಪಿಸುವ ಕೆಲಸಗಳಲ್ಲಿ, ಕೈಗೆ ಏನೂ ಉಳಿಯುವುದಿಲ್ಲ. ಇಂಥ ಗುಹೆಯಿಂದ ಇಂಥ ಕತ್ತಿ ತಾ ಅಂತ ಒಂದು ಸಾಲು, ಗುಹೆಗೆ ಹೋಗುವುದು ಹೇಗೆ ಅಂತ ಹೇಳುವವರು ಯಾರೂ ಇಲ್ಲ. ಸ್ಕೈರಿಮ್ ಬಗ್ಗೆ ನನ್ನ ದೊಡ್ಡ ದೂರು ಇದೇ. ನಾನೂರು ಗಂಟೆ ಆಡಿದ ಮೇಲೂ ವೈಟ್‌ರನ್‌ನಿಂದ ಮಾರ್ಕಾರ್ಥ್‌ಗೆ ಯಾವ ದಾರಿಯಲ್ಲಿ ಹೋಗುವುದು ಅಂತ ನಾನು ಬಾಯಿಯಲ್ಲಿ ಹೇಳಲಾರೆ.

ಓಡಾಟದ್ದೂ ಇದೇ ಕತೆ. ಮಾರೋವಿಂಡ್‌ನಲ್ಲಿ ಸಿಲ್ಟ್ ಸ್ಟ್ರೈಡರ್ ಎಂಬ ಆನೆಗಿಂತ ಎತ್ತರದ ಹುಳು ಇದೆ. ಅದರ ಬೆನ್ನೇರಿ ಪೇಟೆಯಿಂದ ಪೇಟೆಗೆ ಹೋಗಬೇಕು. ಅದು ಹೋಗದ ಕಡೆಗೆ ದೋಣಿ. ಅದೂ ಇಲ್ಲದಿದ್ದರೆ ಮಾಂತ್ರಿಕರ ಸಂಘದಲ್ಲಿ ದುಡ್ಡು ಕೊಟ್ಟರೆ ಬೇರೆ ಪೇಟೆಯ ಸಂಘಕ್ಕೆ ಕಳಿಸುತ್ತಾರೆ. ಬದಿಯಡ್ಕದಲ್ಲಿ ಬಸ್ ಬದಲಿಸಿ ಮುಳ್ಳೇರಿಯಕ್ಕೆ ಹೋದ ಹಾಗೆ ಲೆಕ್ಕ ಹಾಕಿ ಹೊರಡಬೇಕು. ಆಬ್ಲಿವಿಯನ್, ಸ್ಕೈರಿಮ್‌ಗಳಲ್ಲಿ ನಕ್ಷೆಯ ಮೇಲೆ ಒತ್ತಿದರೆ ಅಲ್ಲಿದ್ದೀರಿ. ಕೆಲಸ ಮುಗಿಸಿ ರಾತ್ರಿ ಒಂದು ಗಂಟೆ ಆಡುವವರಿಗೆ ಅದು ದೊಡ್ಡ ಉಪಕಾರ. ಈಗ ನಾನೂ ಅಂಥವರಲ್ಲಿ ಒಬ್ಬ, ಹಾಗಾಗಿ ಅದನ್ನು ಸುಮ್ನೆ ಬೈಯುವುದಿಲ್ಲ.

ಹಳೆಯದೆಲ್ಲ ಚಿನ್ನ ಅಂತ ಹೇಳಿದರೆ ಸುಳ್ಳಾಗುತ್ತದೆ. ಮಾರೋವಿಂಡ್‌ನ ಹೊಡೆದಾಟ ಈಗ ಆಡಿದರೆ ಬೇಸರ ತರುತ್ತದೆ. ಕತ್ತಿ ಎದುರಿನವನ ಮೈಗೆ ತಾಗಿದ್ದು ಕಣ್ಣಿಗೆ ಕಾಣುತ್ತದೆ, ಆದರೆ ಪೆಟ್ಟು ಬೀಳುವುದಿಲ್ಲ. ಒಳಗೆ ದಾಳ ಉರುಳುತ್ತಿರುತ್ತದೆ. ಆಯುಧದ ಸ್ಕಿಲ್ ಎಷ್ಟು, ಚುರುಕು ಎಷ್ಟು, ದಣಿವು ಎಷ್ಟು ಅಂತ ಲೆಕ್ಕ ಹಾಕಿ ಅದು ತೀರ್ಮಾನ ಮಾಡುತ್ತದೆ. ಹೊಸಬರು ಮಾಡುವ ತಪ್ಪು ಒಂದೇ: ಓಡುತ್ತಾ ಹೋಗಿ ಹೊಡೆಯುವುದು. ಓಡಿದರೆ ದಣಿವಿನ ಹಸಿರು ಪಟ್ಟಿ ಖಾಲಿ, ಪಟ್ಟಿ ಖಾಲಿಯಾದರೆ ಪೆಟ್ಟೆಲ್ಲ ಗಾಳಿಗೆ. ಶುರುವಿನಲ್ಲೇ ಒಂದು ಆಯುಧವನ್ನು ಮುಖ್ಯ ಸ್ಕಿಲ್ ಮಾಡಿಕೊಳ್ಳಿ, ಶತ್ರುವಿನ ಹತ್ತಿರ ನಡೆದು ಹೋಗಿ. ಅರ್ಧ ಕಷ್ಟ ಅಲ್ಲಿಗೇ ಮುಗಿಯುತ್ತದೆ.

ಗೇಮ್ ತಾನೇ ಬರೆದಿಡುವ ಜರ್ನಲ್ ಕೂಡ ಮೊದಲು ತುಂಬಾ ಕಷ್ಟದ್ದು. ಎಲ್ಲ ಕೆಲಸಗಳ ವಿವರವೂ ದಿನಚರಿಯ ಹಾಗೆ ಒಂದರ ಕೆಳಗೊಂದು ಬರುತ್ತಿತ್ತು. ಕ್ವೆಸ್ಟ್ ಪ್ರಕಾರ ಬೇರೆ ಮಾಡಿ ನೋಡುವ ಅನುಕೂಲ ಬಂದದ್ದು ಟ್ರಿಬ್ಯುನಲ್ ಎಂಬ ವಿಸ್ತರಣೆಯ (ಆಮೇಲೆ ಬಂದ ಹೆಚ್ಚುವರಿ ಭಾಗದ) ಜೊತೆ. ಭಾವನ ಹತ್ತಿರ ಅದು ಇರಲಿಲ್ಲ. ನೋಟ್ ಪುಸ್ತಕ ಹುಟ್ಟಿದ್ದು ಹಾಗೆ.

ಗುಹೆಗಳ ವಿಷಯದಲ್ಲಿ ಸ್ಕೈರಿಮ್‌ಗೆ ಪೂರ್ತಿ ಅಂಕ. ನಮ್ಮ ಕಡೆ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ತೋಡಿ ನೀರು ತರುತ್ತಾರೆ. ಒಬ್ಬ ಬಗ್ಗಿ ಹೋಗುವಷ್ಟು ಅಗಲ, ಹೋದ ದಾರಿಯಲ್ಲೇ ಹಿಂದೆ ಬರಬೇಕು. ಮಾರೋವಿಂಡ್‌ನ ಗುಹೆಗಳೂ ಬಹುಪಾಲು ಹಾಗೇ. ಒಳಗೆ ಎಲ್ಲರನ್ನೂ ಮುಗಿಸಿ, ಖಾಲಿ ಗುಹೆಯಲ್ಲಿ ಹತ್ತು ನಿಮಿಷ ವಾಪಸ್ ನಡೆಯಬೇಕು. ಸ್ಕೈರಿಮ್‌ನ ಬ್ಲೀಕ್ ಫಾಲ್ಸ್ ಬ್ಯಾರೋ ಎಂಬ ಹಳೇ ಗೋರಿ ನೋಡಿ. ಬಾಗಿಲಿನ ಒಗಟಿಗೆ ಉತ್ತರ ನಿಮ್ಮ ಕೈಯಲ್ಲಿರುವ ಚಿನ್ನದ ಪಂಜದ ಅಂಗೈಯಲ್ಲೇ ಕೆತ್ತಿದೆ. ವಸ್ತುವನ್ನು ಎತ್ತಿ ತಿರುಗಿಸಿ ನೋಡಿದವರಿಗೆ ಮಾತ್ರ ಕಾಣುತ್ತದೆ. ಕೊನೆಯ ಕೋಣೆಯಿಂದ ಇನ್ನೊಂದು ಕಡೆ ಹೊರಗೆ ಬಂದರೆ ಎದುರಿಗೆ ಕಣಿವೆ, ಗಾಳಿ, ಬೆಳಕು. ಎಷ್ಟು ಚೆನ್ನಾಗಿ ಯೋಚಿಸಿ ಮಾಡಿದ್ದಾರೆ ಅಂತ ಪ್ರತಿ ಸಲ ಖುಷಿಯಾಗುತ್ತದೆ.

ಆದರೆ ಕೊಟ್ಟದ್ದರ ಜೊತೆ ಕಿತ್ತುಕೊಂಡದ್ದೂ ಇದೆ. ಸ್ಕಿಲ್‌ಗಳು ಮಾರೋವಿಂಡ್‌ನಲ್ಲಿ 27, ಆಬ್ಲಿವಿಯನ್‌ನಲ್ಲಿ 21, ಸ್ಕೈರಿಮ್‌ನಲ್ಲಿ 18. ಈಟಿ ಹೋಯಿತು. ಗಾಳಿಯಲ್ಲಿ ತೇಲುವ ಮಂತ್ರ ಹೋಯಿತು. ಮುಂದಿನ ಗೇಮ್‌ಗಳಲ್ಲಿ ದೊಡ್ಡ ಪೇಟೆಗಳು ಬಾಗಿಲಿನ ಒಳಗೆ ಬೇರೆಯಾಗಿ ಲೋಡ್ ಆಗುತ್ತವೆ, ಗೋಡೆಯ ಮೇಲಿಂದ ಹಾರಿ ಹೋಗಲಾಗದು. ಟೆಲ್ವಾನಿ ಮಾಂತ್ರಿಕರ ಅಣಬೆ ಗೋಪುರಗಳಿಗೆ ಮೆಟ್ಟಿಲೇ ಇರಲಿಲ್ಲ. ಹಾರಲು ಗೊತ್ತಿಲ್ಲದವರಿಗೆ ನಮ್ಮ ಮನೆಯಲ್ಲಿ ಏನು ಕೆಲಸ ಅನ್ನುವ ಸೊಕ್ಕು ಅವರದ್ದು. ಮೆಟ್ಟಿಲು ಇಲ್ಲದಿರುವುದರಿಂದಲೇ ಆ ಜನರ ಸ್ವಭಾವ ಗೊತ್ತಾಗುತ್ತಿತ್ತು. ಸಂಘಗಳಲ್ಲಿ ಮೇಲೇರಬೇಕಾದರೂ ಆಯಾ ಸಂಘದ ವಿದ್ಯೆ ಬರಲೇಬೇಕಿತ್ತು. ಸ್ಕೈರಿಮ್‌ನಲ್ಲಿ ನಾನು ಕೊಡಲಿ ಬೀಸುತ್ತಲೇ, ನಾಲ್ಕೈದು ಸಣ್ಣ ಮಂತ್ರ ಹೇಳಿ, ವಿಂಟರ್‌ಹೋಲ್ಡ್ ಮಾಂತ್ರಿಕ ಕಾಲೇಜಿನ ಮುಖ್ಯಸ್ಥನಾದೆ. ಆ ಪದವಿಗೆ ಬೆಲೆ ಇದೆ ಅಂತ ನನಗೆ ಅನಿಸಲೇ ಇಲ್ಲ.

ಇನ್ನೊಂದು, ಸಾವು. ಮಾರೋವಿಂಡ್‌ನಲ್ಲಿ ಯಾರನ್ನು ಬೇಕಾದರೂ ಕೊಲ್ಲಬಹುದು. ಮುಖ್ಯ ಕತೆಗೆ ಬೇಕಾದವರನ್ನು ಕೊಂದರೆ, ವಿಧಿಯ ದಾರ ಕಡಿಯಿತು, ಬೇಕಿದ್ದರೆ ಹಳೇ ಸೇವ್‌ಗೆ ಹಿಂತಿರುಗು, ಇಲ್ಲವೇ ಈ ಕೆಟ್ಟ ಲೋಕದಲ್ಲೇ ಮುಂದುವರಿ ಎಂಬ ಅರ್ಥದ ಎಚ್ಚರಿಕೆ ಬರುತ್ತದೆ. ಸ್ಕೈರಿಮ್‌ನಲ್ಲಿ ಮುಖ್ಯ ಜನ ಮೊಣಕಾಲೂರಿ ಕೂತು ಮತ್ತೆ ಏಳುತ್ತಾರೆ.

ಆಬ್ಲಿವಿಯನ್ ಇವೆರಡರ ನಡುವೆ. ಕ್ವೆಸ್ಟ್‌ಗಳ ಕತೆಯಲ್ಲಿ ಅದನ್ನು ಮೀರಿಸಿದ್ದು ಸರಣಿಯಲ್ಲಿ ಇನ್ನೊಂದಿಲ್ಲ. ಚೇಡಿನ್‌ಹಾಲ್‌ನಲ್ಲಿ ಕಾಣೆಯಾದ ಚಿತ್ರಕಾರನನ್ನು ಹುಡುಕಿ ಹೊರಟರೆ ಅವನದೇ ಚಿತ್ರದ ಒಳಗೆ ಹೋಗಿ ಬೀಳುತ್ತೀರಿ. ಮರ, ಹುಲ್ಲು, ಎದುರು ಬರುವ ಟ್ರೋಲ್ ಎಲ್ಲವೂ ಬಣ್ಣ ಬಳಿದದ್ದು. ಈ ಗೇಮ್‌ನ ದೊಡ್ಡ ದೋಷ ಲೆವೆಲ್‌ನದ್ದು. ನೀವು ಬೆಳೆದ ಹಾಗೆ ಎದುರಾಳಿಗಳೂ ಬೆಳೆಯುತ್ತಾರೆ. ಕೊನೆಗೆ ದಾರಿಯಲ್ಲಿ ಬರೀ ನೂರು ನಾಣ್ಯ ಕೇಳುವ ಕಳ್ಳ ಮೈತುಂಬ ದುಬಾರಿ ಗಾಜಿನ ಕವಚ ಹಾಕಿ ನಿಂತಿರುತ್ತಾನೆ. 2025ರ ರೀಮಾಸ್ಟರ್‌ನಲ್ಲಿ ಲೆವೆಲ್ ಏರಿಸುವ ಕ್ರಮ ತಿದ್ದಿದ್ದಾರೆ. ಪ್ರತಿ ಸಲ 12 ಅಂಕ ಸಿಗುತ್ತದೆ, ಬೇಕಾದ ಗುಣಕ್ಕೆ ಹಾಕಿಕೊಳ್ಳಬಹುದು. ಮೊದಲಿನ ಹಾಗೆ ಯಾವ ಸ್ಕಿಲ್ ಎಷ್ಟು ಸಲ ಏರಿತು ಅಂತ ಕಾಗದದಲ್ಲಿ ಗೀಟು ಹಾಕಬೇಕಾಗಿಲ್ಲ. ಎದುರಾಳಿ ಬೆಳೆಯುವುದು ಮಾತ್ರ ಹಾಗೇ ಇದೆ. ನೋಡಲು ತುಂಬಾ ಚೆಂದ. ಆದರೆ ಸುಮಾರು 125 ಜಿಬಿ ಜಾಗ ಬೇಕು, ಒಳ್ಳೆಯ ಗ್ರಾಫಿಕ್ಸ್ ಕಾರ್ಡೂ ಬೇಕು. ನಮ್ಮ ಮನೆಯ ಇಂಟರ್ನೆಟ್‌ನಲ್ಲಿ ಇಳಿಸಿಕೊಳ್ಳಲು ನಾಲ್ಕು ರಾತ್ರಿ ಹಿಡಿಯಿತು.

ಮಳೆಗಾಲದಲ್ಲಿ ಕರೆಂಟ್ ಹೋಗುವ ಊರಿನವರಿಗೆ ಒಂದು ಮಾತು. ಸ್ಕೈರಿಮ್ ಬಾಗಿಲು ದಾಟಿದಾಗ, ಮಲಗಿದಾಗ ತಾನೇ ಸೇವ್ ಮಾಡುತ್ತದೆ. ಮಾರೋವಿಂಡ್ ನೀವು ವಿಶ್ರಾಂತಿ ಮಾಡಿದಾಗ ಮಾತ್ರ. ಆಗಾಗ ಸೇವ್ ಮಾಡಲು ಎಫ್5 ಒತ್ತುವ ಅಭ್ಯಾಸ ಮಾಡಿಕೊಳ್ಳಿ. ಹಳೇ ಲ್ಯಾಪ್‌ಟಾಪ್ ಇದ್ದರೆ ಓಪನ್‌ಎಂಡಬ್ಲ್ಯೂ ಎಂಬ ಉಚಿತ ಎಂಜಿನ್ ಹಾಕಿ ಮಾರೋವಿಂಡ್ ಆಡಿ. ಮೂಲ ಗೇಮ್ ಕೊಂಡಿರಬೇಕು, ಉಳಿದದ್ದಕ್ಕೆ ಖರ್ಚಿಲ್ಲ.

2013ರಲ್ಲಿ ಸ್ಕೈರಿಮ್‌ನ ಡ್ರ್ಯಾಗನ್‌ಬಾರ್ನ್ ವಿಸ್ತರಣೆ ಆಡಿದ ಸಂಜೆ ನನಗೆ ಮರೆಯುವುದಿಲ್ಲ. ಹಡಗು ಸೋಲ್ಸ್‌ಥೈಮ್ ದ್ವೀಪಕ್ಕೆ ಹೋಗುತ್ತದೆ, ಇಳಿಯುವುದು ರೇವನ್ ರಾಕ್‌ನಲ್ಲಿ. ಮಾರೋವಿಂಡ್‌ನ ಬ್ಲಡ್‌ಮೂನ್ ವಿಸ್ತರಣೆಯಲ್ಲಿ ಆ ಊರು ಕಟ್ಟಲು ಓಡಾಡಿದ್ದು ನಾನೇ. ಗಣಿಗೆ ಜನ, ಸಾಮಾನು, ಜಗಳದ ಪಂಚಾತಿಕೆ, ಎಲ್ಲ ಮಾಡಿದ್ದೆ. ಕತೆಯ ಲೆಕ್ಕದಲ್ಲಿ ಇನ್ನೂರು ವರ್ಷ ಕಳೆದಿದೆ. ಗಣಿ ಮುಚ್ಚಿದೆ, ಮನೆಗಳ ಮೇಲೆ ಬೂದಿ. ಸಮುದ್ರದಾಚೆ ಹೊಗೆ ಕಾರುವ ರೆಡ್ ಮೌಂಟನ್, ಮಾರೋವಿಂಡ್‌ನಲ್ಲಿ ಕಂಡ ಅದೇ ಬೆಂಕಿಬೆಟ್ಟ. ಅದರ ಬುಡದ ದಾರಿಗಳೆಲ್ಲ ನನ್ನ ನೋಟ್ ಪುಸ್ತಕದಲ್ಲಿವೆ, ಆದರೆ ಇಲ್ಲಿಂದ ಅಲ್ಲಿಗೆ ದೋಣಿ ಇಲ್ಲ. ಕಡಲ ಕರೆಗೆ ಬಂದು ತುಂಬಾ ಹೊತ್ತು ಅದನ್ನೇ ನೋಡುತ್ತಾ ನಿಂತಿದ್ದೆ. ಹೊಸ ಗೇಮ್ ನನ್ನ ಮನಸ್ಸನ್ನು ಅಷ್ಟು ಮುಟ್ಟಿದ್ದು ಆ ಹಳೇ ಊರಿನ ಮೂಲಕ.

ಹಾಗಾದರೆ ಯಾವುದರಿಂದ ಶುರು? ಮೊದಲು ನಾನು ಮಾರೋವಿಂಡ್ ಅನ್ನುತ್ತಿದ್ದೆ. ಕೇಳಿದವರು ಎರಡು ಗಂಟೆಯಲ್ಲಿ ಬಿಟ್ಟುಬಿಡುತ್ತಿದ್ದರು. ಆಮೇಲೆ ಕೆಲವು ವರ್ಷ ಸ್ಕೈರಿಮ್ ಸಾಕು ಅನ್ನುತ್ತಿದ್ದೆ. ಈಗ ಹೇಳುವುದು: ಸ್ಕೈರಿಮ್‌ನಿಂದ ಶುರು ಮಾಡಿ, ಅದು ಕೈ ಹಿಡಿಸುತ್ತದೆ. ಕತೆ ಇಷ್ಟದವರು ಆಬ್ಲಿವಿಯನ್ ರೀಮಾಸ್ಟರ್ ಆಡಿ. ಆದರೆ ಮಾರೋವಿಂಡ್‌ಗೆ ಒಂದು ಮಳೆಗಾಲ ಎತ್ತಿಡಿ.

ಹೀಗೆ ಬದಲಾಗಲು ಕಾರಣ ಅಕ್ಕನ ಮಗ. ಹದಿನೈದು ವರ್ಷ, ಸ್ಕೈರಿಮ್ ಬಾಯಿಪಾಠ. ಕಳೆದ ಜುಲೈಯಲ್ಲಿ ನಮ್ಮಲ್ಲಿಗೆ ಬಂದಾಗ ಮಾರೋವಿಂಡ್ ಹಾಕಿಕೊಟ್ಟೆ. ಐದು ನಿಮಿಷಕ್ಕೇ ಕೇಳಿದ, "ಮಾವಾ, ಬಾಣ ಎಲ್ಲಿ?" ಇಲ್ಲ ಅಂದೆ. ಮೊದಲ ಏಡಿಯನ್ನು ಹೊಡೆಯಲಾಗದೆ ಸಿಟ್ಟಾಗಿ ಎದ್ದು ಹೋದ. ರಾತ್ರಿ ಊಟ ಆದ ಮೇಲೆ ತಾನಾಗಿ ಬಂದು ಕೂತ. ನಾನು ನೋಟ್ ಪುಸ್ತಕ ಕೊಟ್ಟು ಸುಮ್ಮನಾದೆ.

ಮೂರನೇ ದಿನ ಅವನಿಗೆ ಆರ್ಕ್ಂಗ್ಥಾಂಡ್ ಎಂಬ ಹಾಳು ಕೋಟೆಯ ಕೆಲಸ ಬಂತು, ಡ್ವೆಮರ್ ಒಗಟಿನ ಪೆಟ್ಟಿಗೆ ತರುವುದು. ಓಡಾಯ್ ಹೊಳೆ ದಾಟಿದ, ಕೈಕಂಬದ ಹತ್ತಿರ ನಿಂತು ಪೂರ್ವ ಯಾವುದು ಅಂತ ಸೂರ್ಯನನ್ನು ನೋಡಿದ. ಸೇತುವೆ ಸಿಕ್ಕಿತು. ದುಂಡು ಬಾಗಿಲು ತೆರೆಯಲು ಅದರ ಪಕ್ಕದ ಹಿಡಿ ತಿರುಗಿಸಬೇಕು ಅಂತ ನಾನು ಹೇಳಲಿಲ್ಲ, ಪುಸ್ತಕದಲ್ಲೂ ಇರಲಿಲ್ಲ. ಅರ್ಧ ಗಂಟೆಯಲ್ಲಿ ತಾನೇ ಕಂಡುಹಿಡಿದ. ಒಳಗೆ ಪೆಟ್ಟಿಗೆ ಸಿಗಲು ಮಧ್ಯಾಹ್ನ ಇಡೀ ಬೇಕಾಯಿತು.

ಅವನು ಮನೆಗೆ ಹೋದ ಮೇಲೆ ಪುಸ್ತಕ ತೆರೆದು ನೋಡಿದೆ. ನನ್ನ ಸಾಲುಗಳ ಕೆಳಗೆ ನೀಲಿ ಶಾಯಿಯಲ್ಲಿ ಬರೆದಿದ್ದ: "ಬಾಗಿಲಿನ ಪಕ್ಕ ಹಿಡಿ ಇದೆ, ತಿರುಗಿಸು. ಪೆಟ್ಟಿಗೆ ತುಂಬಾ ಸಣ್ಣದು. ನೆಲದಲ್ಲಿ ಹುಡುಕಬೇಡ, ಕಪಾಟಿನ ಮೇಲೆ ನೋಡು."