ಮೂರೂ ಒಂದೇ ಕಂಪನಿಯ ಟೀಪುಡಿ: ಯಾವುದು ಯಾತಕ್ಕೆ?

ಟೀಪುಡಿ ವಿಷಯಕ್ಕೆ ಬಂದರೆ ನಮ್ಮ ಮನೆಯಲ್ಲಿ ಮೂರು ಪಕ್ಷ. ಅತ್ತೆಯದು ರೆಡ್ ಲೇಬಲ್. ನಮ್ಮ ಮನೆಯವರದು ತ್ರೀ ರೋಸಸ್. ಮೈದುನ ಎಲ್ಲಿಂದಲೋ ತಾಜ್ ಮಹಲ್ ರುಚಿ ಹತ್ತಿಸಿಕೊಂಡು ಬಂದಿದ್ದಾನೆ. ಇವರ ವಾದ ಕೇಳಿ ಕೇಳಿ ಸಾಕಾಗಿ ಮೂರನ್ನೂ ತರಿಸಿದೆ. ಜೊತೆಗೆ ಟಾಟಾದವರ ಕಣ್ಣನ್ ದೇವನ್ ಒಂದು ಪಾಕೀಟು, ಪೇಟೆಯ ಬಿಡಿ ಪುಡಿ ಒಂದಿಷ್ಟು. ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಒಂದೇ ಅಳತೆಗೆ ಮಾಡಿ ನೋಡಿದೆ.

ತಮಾಷೆ ಏನಂದರೆ ಮೂವರೂ ಜಗಳ ಆಡುತ್ತಿದ್ದದ್ದು ಒಂದೇ ಕಂಪನಿಯ ಮಾಲಿಗಾಗಿ. ಪಾಕೀಟಿನ ಹಿಂದೆ ನೋಡಿ, ಮೂರರಲ್ಲೂ ಹಿಂದೂಸ್ತಾನ್ ಯೂನಿಲಿವರ್ ಅಂತಲೇ ಇದೆ. ಬ್ರೂ ಕಾಫಿ, ಕಿಸಾನ್ ಜಾಮ್ ಅವರದೇ. 2020ರಿಂದ ಹಾರ್ಲಿಕ್ಸ್, ಬೂಸ್ಟ್ ಕೂಡ ಅವರದೇ. ಈ ಮೂರೂ ಪುಡಿಯ ಮೇಲಿರುವ ಬ್ರೂಕ್ ಬಾಂಡ್ ಹೆಸರು ಮಾತ್ರ ಬಹಳ ಹಳೆಯದು. 1869ರಲ್ಲಿ ಆರ್ಥರ್ ಬ್ರೂಕ್ ಎಂಬುವವರು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಹಾಕಿದ ಅಂಗಡಿ ಅದು. ಬಾಂಡ್ ಅನ್ನುವ ಪಾಲುದಾರ ಯಾರೂ ಇರಲಿಲ್ಲವಂತೆ, ಕೇಳೋಕೆ ಚೆನ್ನಾಗಿದೆ ಅಂತ ಸೇರಿಸಿದ್ದು. ಹತ್ತಿ ಮಿಲ್ಲುಗಳ ಕಾಲದಲ್ಲಿ ನಮ್ಮ ದಾವಣಗೆರೆಯನ್ನೂ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರಲ್ಲ, ಹಾಗಾಗಿ ದೂರದ ನೆಂಟಸ್ತಿಕೆ ಇದೆ ಅನ್ನಿ. ರೆಡ್ ಲೇಬಲ್ ಇಲ್ಲಿ 1903ರಿಂದ ಇದೆ. ಬ್ರೂಕ್ ಬಾಂಡನ್ನು ಯೂನಿಲಿವರ್ ಕೊಂಡದ್ದು 1984ರಲ್ಲಿ. 2022ರಲ್ಲಿ ಯೂನಿಲಿವರ್ ತನ್ನ ಟೀ ವ್ಯಾಪಾರದ ಬಹುಪಾಲು ಮಾರಿಬಿಟ್ಟಿತು, ಆದರೆ ಭಾರತದ್ದನ್ನು ಬಿಟ್ಟುಕೊಡಲಿಲ್ಲ. ನಾವು ಕುಡಿಯೋದು ನೋಡಿದರೆ ಯಾಕೆ ಅಂತ ಗೊತ್ತಾಗುತ್ತೆ.

ಇನ್ನು ಒಲೆಯ ಹತ್ತಿರ ಬರೋಣ. ಅರ್ಧ ನೀರು, ಅರ್ಧ ನಂದಿನಿ ನೀಲಿ ಪಾಕೀಟಿನ ಹಾಲು. ಶುಂಠಿ, ಏಲಕ್ಕಿ ಬೇಡ ಅಂತ ಮೊದಲೇ ಹೇಳಿಬಿಟ್ಟೆ. ಶುಂಠಿ ಜಜ್ಜಿ ಹಾಕಿದರೆ ಎಂಥ ಪುಡಿಯೂ ಪಾಸಾಗುತ್ತೆ.

ತ್ರೀ ರೋಸಸ್ ಸಣ್ಣ ಡಸ್ಟ್. ಕುದಿಯುವ ನೀರಿಗೆ ಬಿದ್ದ ತಕ್ಷಣ ಬಣ್ಣ ಬಿಡುತ್ತೆ, ಹಾಲು ಹಾಕಿದರೂ ಕೆಂಪು ಹೋಗೋದಿಲ್ಲ. ಪುಡಿ ಸಣ್ಣದಾದಷ್ಟೂ ನೀರು ತಾಗುವ ಮೈ ಜಾಸ್ತಿ, ಹಾಗಾಗಿ ಬೇಗ ಇಳಿಯುತ್ತೆ. ಒಂದೇ ಕಿರಿಕಿರಿ ಅಂದರೆ ಸ್ಟೀಲ್ ಸೋಸುಕದಲ್ಲಿ ನಿಲ್ಲೋದಿಲ್ಲ, ಲೋಟದ ತಳದಲ್ಲಿ ಕಪ್ಪಗೆ ಗಷ್ಟು ಉಳಿಯುತ್ತೆ. ಬಟ್ಟೆಯಲ್ಲಿ ಸೋಸಬೇಕು. ಗಾಡಿಯ ಚಾದವರು ಬಟ್ಟೆ ಹಿಡಿಯೋದು ಸುಮ್ನೆ ಅಲ್ಲ.

ನಾನು ತಂದ ರೆಡ್ ಲೇಬಲ್ ಸ್ವಲ್ಪ ದಪ್ಪ ಕಾಳಿನದು. ಎಲೆಯನ್ನು ಹಲ್ಲಿರುವ ರೋಲರುಗಳ ನಡುವೆ ಹಾಯಿಸಿ, ಜಜ್ಜಿ, ಹರಿದು, ಸುರುಳಿ ಮಾಡುವ ಸಿಟಿಸಿ ಪದ್ಧತಿಯ ಪುಡಿ ಅದು. ಈ ಪದ್ಧತಿ 1930ರ ಹೊತ್ತಿಗೆ ಅಸ್ಸಾಮಿನಲ್ಲಿ ಶುರುವಾಯಿತು, ಈಗ ನಮ್ಮ ದೇಶದ ಹೆಚ್ಚಿನ ಟೀ ಹೀಗೇ ಆಗೋದು. ಇದಕ್ಕೆ ಇನ್ನೆರಡು ಕುದಿ ಹೆಚ್ಚಿಗೆ ಬೇಕು. ಬಣ್ಣ ಅಷ್ಟು ಗಾಢ ಬರಲಿಲ್ಲ, ಆದರೆ ಬಾಯಿಗೆ ಮೆತ್ತಗಿತ್ತು.

ನಿಜವಾದ ವ್ಯತ್ಯಾಸ ಗೊತ್ತಾಗಿದ್ದು ಫ್ಲಾಸ್ಕಿನಲ್ಲಿ. ಮಂಡಿಪೇಟೆಯ ನಮ್ಮ ಅಂಗಡಿಗೆ ದಿನಾ ಎರಡು ಹೊತ್ತು ಚಾ ಹೋಗಬೇಕು. ಹಮಾಲರು ಲೋಡು ಇಳಿಸಿ ಬಂದು ಕುಡಿಯುವಷ್ಟರಲ್ಲಿ ಎರಡು ತಾಸು ಆಗಿರುತ್ತೆ. ಆಗ ತ್ರೀ ರೋಸಸ್ ಒಗರಾಗಿರುತ್ತಿತ್ತು, ರೆಡ್ ಲೇಬಲ್ ಹಾಕಿದಂಗೇ ಇರುತ್ತಿತ್ತು. ಕಾರಣ ಆ ಗಷ್ಟೇ. ತಳದಲ್ಲಿ ಕೂತ ಡಸ್ಟು ಬಿಸಿಯಲ್ಲಿ ಒಗರು ಬಿಡುತ್ತಲೇ ಇರುತ್ತೆ. ಬಟ್ಟೆಯಲ್ಲಿ ಸೋಸಿ ತುಂಬಿಸಿದ ಮೇಲೆ ತ್ರೀ ರೋಸಸ್ ಕೂಡ ಸರಿಹೋಯಿತು. ಹಮಾಲರಿಗೆ ಹಿಡಿಸಿದ್ದೂ ಅದೇ. ಒಬ್ಬರಂತೂ ರೆಡ್ ಲೇಬಲ್ ಕುಡಿದು "ಅಕ್ಕಾರೆ, ಇವತ್ತು ಪುಡಿ ಕಡಿಮೆ ಆತೇನ್ರಿ?" ಅಂದರು. ದುಡಿದು ಬಂದವರಿಗೆ ಖಡಕ್ ಬೇಕು.

ತಾಜ್ ಮಹಲ್ ಬಗ್ಗೆ ಮೈದುನನ ಹತ್ತಿರ ಇನ್ನೂ ವಾದ ಮುಗಿದಿಲ್ಲ. ಪಾಕೀಟು ಕತ್ತರಿಸಿದಾಗ ಬರುವ ವಾಸನೆ ಬೇರೆ ಯಾವುದಕ್ಕೂ ಇಲ್ಲ, ಒಪ್ಪಿದೆ. ಆದರೆ ನಾವು ಚಾ ಕಾಯಿಸೋದು ಹೆಂಗೆ? ಉಕ್ಕಿ ಬರಬೇಕು, ಇಳಿಸಬೇಕು, ಮತ್ತೆ ಉಕ್ಕಿಸಬೇಕು. ಅಷ್ಟರಲ್ಲಿ ಆ ಪರಿಮಳ ಅಡುಗೆಮನೆ ತುಂಬಿರುತ್ತೆ, ಲೋಟದಲ್ಲಿ ಇರೋದಿಲ್ಲ. ಒಲೆ ಆರಿಸಿ, ಪುಡಿ ಹಾಕಿ ಮುಚ್ಚಿಟ್ಟು, ಹಾಲು ಕಡಿಮೆ ಹಾಕಿದಾಗ ಮಾತ್ರ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಜಾಹೀರಾತಿನಲ್ಲಿ ಜಾಕಿರ್ ಹುಸೇನರು ವಾಹ್ ಅಂದದ್ದು ಅಂಥ ಚಾಕ್ಕೇ ಇರಬೇಕು. ಮಿರ್ಚಿ ಮಂಡಕ್ಕಿ ತಿಂದು ಬಾಯಿ ಉರಿಯುವಾಗ ಈ ಪರಿಮಳ ಯಾರಿಗೆ ಗೊತ್ತಾಗುತ್ತೆ ಹೇಳಿ?

ಕಣ್ಣನ್ ದೇವನ್ ಚೆನ್ನಾಗಿದೆ. ಬಣ್ಣದಲ್ಲಿ ತ್ರೀ ರೋಸಸ್ ಹತ್ತಿರಕ್ಕೆ ಬರುತ್ತೆ, ಒಗರು ನನಗೆ ಸ್ವಲ್ಪ ಕಡಿಮೆ ಅನ್ನಿಸಿತು.

ಬಿಡಿ ಪುಡಿ ಅಗ್ಗ, ಆದರೆ ಅದೊಂದು ಲಾಟರಿ. ಒಂದು ಅಂಗಡಿಯದು ಮೊದಲ ಸಲ ಬಹಳ ಚೆನ್ನಾಗಿತ್ತು. ಮುಂದಿನ ಸಲ ತಂದದ್ದರ ಬಣ್ಣ ನೋಡಿ ಅನುಮಾನ ಬಂತು. ಒಂದು ಚಿಟಿಕೆಯನ್ನು ಸೋಸುವ ಬಿಳಿ ಕಾಗದದ ಮೇಲೆ ಹರಡಿ ನಾಲ್ಕು ಹನಿ ನೀರು ಚಿಮುಕಿಸಿದೆ. ಕೂಡಲೇ ಕಾಗದದ ಮೇಲೆ ಕೆಂಪು ಕಲೆ ಎದ್ದಿತು. ಬಣ್ಣ ಕಟ್ಟದ ಪುಡಿ ಹಾಗೆ ತಕ್ಷಣ ಕಲೆ ಬಿಡೋದಿಲ್ಲ. ಕಬ್ಬಿಣದ ಚೂರು ಇದೆಯಾ ಅಂತ ನೋಡೋಕೆ ಆಯಸ್ಕಾಂತ ಆಡಿಸಿದರೆ ಸಾಕು. ಬಿಡಿ ಪುಡಿ ತರೋರು ಇವೆರಡನ್ನು ಮಾಡಿ ನೋಡಿ.

ಇಷ್ಟೆಲ್ಲಾ ಹೇಳಿದ ಮೇಲೂ, ಈ ಪುಡಿಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡ ವ್ಯತ್ಯಾಸ ಕಂಡದ್ದು ನೀರಿನಲ್ಲಿ. ನಮ್ಮಲ್ಲಿ ನಲ್ಲಿ ನೀರು ದಿನಾ ಬರೋದಿಲ್ಲ. ಬಂದ ದಿನ ಕುಂದವಾಡ ಕೆರೆ ಕಡೆಯ ಸಿಹಿನೀರು, ತೀರಿದ ದಿನ ಬೋರು. ಬೋರ್ ನೀರಲ್ಲಿ ಹಾಲಿಲ್ಲದ ಚಾ ಮಾಡಿ ಐದು ನಿಮಿಷ ಬಿಡಿ. ಮೇಲೆ ತೆಳ್ಳಗೆ ಪೊರೆ ಕಟ್ಟುತ್ತೆ, ಚಮಚ ತಾಗಿದರೆ ಒಣಗಿದ ಕೆರೆಯ ತಳದಂತೆ ಬಿರಿಯುತ್ತೆ. ಗಡಸು ನೀರಿನ ಸುಣ್ಣದ ಅಂಶ ಟೀಯ ಜೊತೆ ಸೇರಿ ಆಗುವುದು ಅದು. ಬಣ್ಣ ಮಂಕು, ರುಚಿ ಚಪ್ಪೆ. ತಾಜ್ ಮಹಲನ್ನು ಬೋರ್ ನೀರಲ್ಲಿ ಮಾಡಿಕೊಟ್ಟರೆ ಮೈದುನನಿಗೇ ಗುರುತು ಸಿಗಲಿಲ್ಲ. ಬಿಡಿ ಪುಡಿ ಅಂದುಬಿಟ್ಟ! ಅದೇ ನೀರಲ್ಲಿ ಸ್ವಲ್ಪವಾದರೂ ತಡೆದುಕೊಂಡದ್ದು ತ್ರೀ ರೋಸಸ್.

ಹಾಗಾಗಿ ಈಗ ಅಂಗಡಿಯ ಫ್ಲಾಸ್ಕಿಗೆ ತ್ರೀ ರೋಸಸ್, ಸೋಸೋಕೆ ಬಟ್ಟೆ. ಮನೆಗೆ ರೆಡ್ ಲೇಬಲ್, ಅತ್ತೆ ಗೆದ್ದರು ಅಂತಲೇ ಇಟ್ಟುಕೊಳ್ಳಿ. ತಾಜ್ ಮಹಲ್ ಸಣ್ಣ ಪಾಕೀಟು ತರೋದು, ಅದೂ ನಲ್ಲಿ ನೀರು ಬಂದ ದಿನಕ್ಕೆ. ಮೈದುನನೇ ಮಾಡಿಕೊಳ್ಳಬೇಕು.